ಎತ್ತಿನ ಹೆಗಲ ನೋಡಿ ನೌಕರಿ ಹಿಡಿ

ಬೇವಿನೆಣ್ಣ್ಯಾಗ ಅರಿಷಿಣ ಕಲಸಿದ ವಾಸನಿ ಮೂಗಿಗೆ ಬಡೀತಂದ್ರ ಈಗೂ ನನ್ನ ಎದಿ ಝಲ್ ಅಂತೈತಿ. ಮೊನ್ನೆ ಮಮದಾಪುರಕ್ಕ ಬೀಗರ ಮನಿಗೆ ಹೋಗಿದ್ದೆ. ಹಿತ್ತಲದಾಗ ಬೀಗರು ಎತ್ತಿನ ಹೆಗಲ ಮ್ಯಾಲಿನ ಹುಣ್ಣಿಗೆ ಅದನ್ನ ಹಚ್ಚಾಕತ್ತಿದ್ರು. ಕೈಯಾಗಿನ ಚಾ ಹಂಗ ಆರಿ ಹೋತು. ತಿಕೋಟಾದಾಗ ನಮ್ಮ ಗ್ವಾಡಿಗೆ ಗ್ವಾಡಿ ಹಚ್ಚಿದ್ದ ಮನಿ, ಆ ಮನಿ ಅಣ್ಣ, ಅವನ ಅವ್ವ… ಎಲ್ಲಾ ಕಣ್ಣ ಮುಂದ ಬಂದು ನಿಂತ್ರು.

ಅಣ್ಣ ಅಂದ್ರ ಒಡಹುಟ್ಟಿದಾಂವ ಅಲ್ಲ, ಬಾಜೂ ಮನ್ಯಾಂವ. ನನಗಿಂತ ನಾಕೈದು ವರ್ಷ ದೊಡ್ಡಾಂವ. ಪುಣೇದಾಗ ಸ್ವಾದರಮಾವನ ಮನ್ಯಾಗಿದ್ದು ಸಾಲಿ ಕಲತು, ಆಮ್ಯಾಲ ವಿಮಾನ ಹಾರಸೂದು ಕಲತಿದ್ದ. ಹೌದ್ರಿ, ವಿಮಾನ! ಬಸ್ಸು ಬಂದ್ರ ಸಾಕು ಮಂದಿ ಓಡಿ ಬಂದು ನೋಡೂ ಕಾಲ ಅದು. ಊರಾಗ ಅವಗ "ವಿಮಾನದಾಂವ" ಅಂತಿದ್ರು. ನಾ ಆಗ ಊರ ಸಾಲ್ಯಾಗ ಹೊಸಾ ಮಾಸ್ತರ, ಮೀಸಿ ಚಿಗತಿದ್ದಷ್ಟ, ಬುದ್ಧಿ ಚಿಗತಿದ್ದಿಲ್ಲ.

ಅರವತ್ತರ ಆಜೂಬಾಜೂ ಇರಬೇಕು… ಅಣ್ಣ ಇದ್ದ ಕಂಪನಿ ಮುಚ್ಚಿತು. ಅಂವ ಮನಿಗೆ ಬಂದು ಕುಂತ. ಮತ್ತೆರಡು ಸಣ್ಣ ಕಂಪನಿ ಅವನ್ನ ಕರದಿದ್ವು. ದಿನಾ ಸಂಜಿಮುಂದ ಕಟ್ಟಿ ಮ್ಯಾಲ ಕುಂತು ಎರಡನ್ನೂ ತೂಗಿ ತೂಗಿ ನೋಡತಿದ್ದ. ಒಂದು ಅಸ್ಸಾಮದ ಕಡೇದು, ಗುಡ್ಡದ ಹಳ್ಳಿಗೆ ಅಕ್ಕಿ, ಉಪ್ಪು ಒಯ್ಯೂದು. ಮಳಿ ಮೋಡ ಭಾಳ, ರಜಾ ವರ್ಷಕ್ಕೊಮ್ಮೆ. ಮ್ಯಾಲ ಎರಡು ವರ್ಷ ಇನ್ನೊಬ್ಬ ಪೈಲಟನ ಕೈಕೆಳಗ ಬಲಗಡೆ ಕುರ್ಚ್ಯಾಗ ಕೂಡಬೇಕು. ಆದ್ರ ಅಲ್ಲಿ ಪೈಲಟ್ "ಇವತ್ತ ಆಗೂದಿಲ್ಲ" ಅಂದ್ರ ಮುಗೀತು, ಮಾಲಕನೂ ತುಟಿ ಬಿಚ್ಚಂಗಿಲ್ಲ. ಇನ್ನೊಂದು ಮುಂಬೈದು. ಹೋದ ದಿನಾನ ಎಡಗಡೆ ಕುರ್ಚಿ, ಅಂದ್ರ ಅಂವನ ಮುಖ್ಯ. ಸೊಲ್ಲಾಪುರದಾಗ ಗಾಡಿ ಬದಲಿ ಮಾಡಿದ್ರ ವಿಜಾಪುರ, ಅಲ್ಲಿಂದ ಮನಿ. ಆದ್ರ ಅಲ್ಲಿ ಮಾಲಕ "ಹೋಗು" ಅಂದ್ರ ಹೋಗಬೇಕು, ಅಷ್ಟ.

ದೊಡ್ಡವ್ವ, ಅಂದ್ರ ಅವನ ಅವ್ವ, ಅಲ್ಲೇ ಜ್ವಾಳ ಹಸನ ಮಾಡ್ಕೋತ ಎಲ್ಲಾ ಕೇಳತಿದ್ಲು. ಒಂದಿನ ಕೈಯಾಗಿನ ಮೊರಾ ಕೆಳಗಿಟ್ಟು, "ಯಪ್ಪಾ, ಎತ್ತಿನ ಹೆಗಲ ನೋಡಿದಿ?" ಅಂದ್ಲು.

ನಮ್ಮ ಕಡೆ ಯುಗಾದಿಗೆ ವರ್ಷದ ಆಳಾಗಿ ಸೇರಾವ್ರು ಮೊದಲ ಮಾಲಕನ ಕೊಟಗ್ಯಾಗ ಹೋಗಿ ಎತ್ತಿನ ಹೆಗಲ ಮುಟ್ಟಿ ನೋಡತಿದ್ರು. ಹುಣ್ಣು ಕಂಡ್ರ ಮಾತಿಲ್ಲದ ಹೊಳ್ಳಿ ಬರ್ತಿದ್ರು. "ಎತ್ತಿನ ಹೆಗಲ ನೋಡದಾಂವ ಆಳಿನ ಹೆಗಲ ನೋಡ್ತಾನೇನು?" ಅಂತ ದೊಡ್ಡವ್ವನ ಲೆಕ್ಕ.

ಅಣ್ಣನ ಮಾರಿ ಸಣ್ಣದಾತು. "ಅವ್ವ ಅನ್ನೂದು ಖರೇ ಐತಿ. ಮುಂಬೈದಾಗ ಅವರದೊಂದು ವಿಮಾನ ನೋಡಿ ಬಂದೀನಿ, ಅದರ…" ಅಂತ ಸುರು ಮಾಡಿದ.

"ದೊಡ್ಡವ್ವಾ, ವಿಮಾನಕ್ಕೇನು ನೊಗಾ ಹೂಡ್ತಾರಬೇ?" ಅಂದೆ ನಾನು. ನಗಿಯೋ ನಗಿ. ದೊಡ್ಡವ್ವನೂ ನಕ್ಕಳು, ಅಣ್ಣನೂ ನಕ್ಕ. ಅಂವ ಹೇಳಬೇಕಂದಿದ್ದು ಅಷ್ಟಕ್ಕ ಉಳೀತು.

ಯಾಕ ಹಂಗಂದೆ ಅಂತ ನನಗ ಗೊತ್ತೈತಿ. ಮುಂಬೈಗೆ ಹೋದ್ರ ಒಮ್ಮೆ ನನ್ನ ವಿಮಾನದಾಗ ಕೂಡಸ್ತೀನಿ ಅಂದಿದ್ದ. ನಾ ಅದನ್ನ ಸಾಲಿ ತುಂಬ ಡಂಗುರ ಸಾರಿ ಬಿಟ್ಟಿದ್ದೆ. ಇನ್ನ ಅಂವ ಅಸ್ಸಾಮಕ್ಕ ಹ್ವಾದ್ರ ನನ್ನ ಮಾನ ಎಲ್ಲಿ ಉಳೀಬೇಕು? "ಅಷ್ಟು ದೂರ ಹೋಗಿ ಏನ ಮಾಡ್ತಿ ಅಣ್ಣಾ, ಮುಂಬೈನ ಛಲೋ" ಅಂತ ಎಂಟು ದಿನ ಅವನ ಕಿವಿ ತಿಂದೆ. ಥೂ, ನನ್ನ ಬುದ್ಧಿಗೆ ಬೆಂಕಿ ಹಚ್ಚಲಿ! ಅಂವ ಮುಂಬೈಗೆ ಹ್ವಾದ.

ದೀಪಾವಳಿಗೆ ಸಾಲಿ ಸೂಟಿ ಬಿಟ್ಟಾಗ ನನ್ನ ಮುಂಬೈಗೆ ಕರಿಸಿಕೊಂಡ. ವಿಮಾನ ಹತ್ತಾಕ ಹೊಂಟಾಗ ಎಡಗಡೆ ಎಂಜಿನ್ನಿನ ಕೆಳಗ ಒಂದು ಕೊಳವಿ ಕಣ್ಣಿಗೆ ಬಿತ್ತು. ಅದಕ್ಕ ಹರಕ ಅರಿವಿ ಸುತ್ತಿ ತಂತೀಲೆ ಬಿಗದಿದ್ರು. ಅರಿವಿ ಎಣ್ಣಿ ಕುಡದು ಕರ್ರಗಾಗಿ ತೊಟ್ಟಿಕ್ಕಾಕತ್ತಿತ್ತು. ತಿರುಗಿ ನೋಡಿದ್ರ ಅಣ್ಣ ನನ್ನ ಮಾರೀನ ನೋಡತಿದ್ದ.

"ನೋಡಿದಿ?" ಅಂದ.

"ಏನು?" ಅಂದೆ. ಎಲ್ಲಿ ಹಾರೂದು ರದ್ದಾಗತೈತೋ ಅಂತ ಅಂಜಿಕಿ ನನಗ.

ಅಂವ ಮುಂದಾಗಿ ವಿಮಾನ ಹತ್ತಿದ. ಮ್ಯಾಲ ಹ್ವಾದ ಮ್ಯಾಲ ಅವನ ಮಾರಿ ನೋಡಬೇಕಿತ್ತು ನೀವು. ತನ್ನ ಹೊಲದ ಬದುವಿನ ಮ್ಯಾಲ ಕುಂತಂಗ ಕುಂತಿದ್ದ, ಅಷ್ಟು ನಿಶ್ಚಿಂತಿ. ನಾ ಊರಿಗೆ ಬಂದು ತಿಂಗಳಗಟ್ಟಲೆ ಅದನ್ನ ಹೇಳಿಕೊಂಡು ಮೆರದೆ. ಅರಿವಿ ಸುದ್ದಿ ಮಾತ್ರ ಯಾರಿಗೂ ಹೇಳಲಿಲ್ಲ.

ಮುಂದಿನ ಬ್ಯಾಸಗ್ಯಾಗ ಅದ ಎಂಜಿನ್ನ ಹಾರುಮುಂದ ನಿಂತಿತು. ಅಣ್ಣ ವಿಮಾನ ಹೊಲದಾಗ ಇಳಿಸಿದ. ದೇವರ ದೊಡ್ಡಾಂವ, ಯಾರೂ ಸಾಯಲಿಲ್ಲ, ವಿಮಾನ ಮಾತ್ರ ಮುರೀತು. ಎಂಜಿನ್ನ ನೆಟ್ಟಗಿತ್ತು, ತಪ್ಪು ಪೈಲಟಂದು ಅಂತು ಕಂಪನಿ. ಎಣ್ಣಿ ಸೋರತೈತಿ ಅಂತ ಮೂರು ಸಲ ವಿಮಾನದ ಲಾಗ್ ಬುಕ್ಕಿನ್ಯಾಗ ಬರದೀನಿ ಅಂದ ಅಣ್ಣ. ಚೌಕಶಿ ಮಾಡಾಕ ಬಂದ ಸರಕಾರದವ್ರು ಬುಕ್ಕು ತಗದು ನೋಡಿದ್ರು. ಆ ಹಾಳಿ ಇದ್ದಿದ್ದಿಲ್ಲ. ಲೈಸೆನ್ಸ್ ಹೋತು, ಅಂವ ಮತ್ತ ಎಂದೂ ಹಾರಲಿಲ್ಲ.

ಬಬಲೇಶ್ವರದಾಗ ಹಿಟ್ಟಿನ ಗಿರಣಿ ಹಾಕಿದ. ಸಪ್ಪಳ ಒಂದೀಟು ಬ್ಯಾರೆ ಆದ್ರ ಸಾಕು, ಎಂಜಿನ್ನ ಬಂದ್ ಮಾಡ್ತಿದ್ದ. ಬುಟ್ಟಿ ಹೊತ್ತು ಬಂದ ಹೆಣ್ಣಮಕ್ಕಳು ಬಾಯಿಗೆ ಬಂದಂಗ ಬೈದ್ರೂ, "ಇವತ್ತ ಆಗೂದಿಲ್ಲಬೇ ಯವ್ವಾ, ನಾಳಿಗೆ ಬರ್ರಿ" ಅಂತಿದ್ದ. ಮಂದಿ ಅದಕ್ಕ "ಪೈಲಟ್ ಗಿರಣಿ" ಅಂತ ಹೆಸರಿಟ್ಟಿದ್ರು.

ಆಮ್ಯಾಲ ನನಗೂ ಬಬಲೇಶ್ವರದ ಸಾಲಿಗೆ ವರ್ಗ ಆತು. ಒಂದಿನ ಮಧ್ಯಾಹ್ನ ಜ್ವಾಳ ತಗೊಂಡು ಹ್ವಾದಾಗ ಗಿರಣ್ಯಾಗ ಯಾರೂ ಇದ್ದಿದ್ದಿಲ್ಲ. ಅಣ್ಣ ಕೈ ಒರಿಸ್ಕೋತ ಬಂದು ಮುಂದ ನಿಂತ.

"ಮಾಸ್ತರಾ, ಖರೇ ಹೇಳು. ಅವತ್ತ ಆ ಅರಿವಿ ನೀ ನೋಡಿದ್ದಿಲ್ಲೇನು? ಎಲ್ಲಾರೂ ಸೋರತಿದ್ದಿಲ್ಲ, ಸೋರತಿದ್ದಿಲ್ಲ ಅಂದು ಅಂದು, ಈಗ ನನಗ ಅನಸಾಕತ್ತೈತಿ… ನನಗ ಭ್ರಮಿ ಆಗಿತ್ತೇನೋ ಅಂತ."

ಹೂಂ ಅಂದಿದ್ರ ಸಾಕಿತ್ತು. ಆದ್ರ ಹೂಂ ಅಂದ್ರ, ಮತ್ತ ಅವತ್ಯಾಕ ಬಾಯಿ ಮುಚಗೊಂಡಿದ್ದಿ, ಚೌಕಶಿ ನಡದಾಗ ಸಾಕ್ಷಿ ಹೇಳಾಕ ಯಾಕ ಬರಲಿಲ್ಲ ಅಂತ ಕೇಳ್ತಿದ್ದ. "ಇಲ್ಲಣ್ಣಾ, ನಾ ಏನೂ ನೋಡಿಲ್ಲ" ಅಂದೆ.

ಅಂವ ಕೈ ಒರಿಸಿದ ಅರಿವಿ ಗೂಟಕ್ಕ ಹಾಕಿದ. "ಹಂಗಾರ ತಪ್ಪು ನಂದ ಇರಬೇಕು ಬಿಡು" ಅಂದು, ನನ್ನ ಜ್ವಾಳ ಬೀಸಿ ಹಿಟ್ಟು ಚೀಲಕ್ಕ ತುಂಬಿ ಕೊಟ್ಟ. ಮತ್ತ ಯಾವತ್ತೂ ಆ ಮಾತು ತಗೀಲಿಲ್ಲ.

ಅಣ್ಣ ತೀರಿಕೊಂಡು ಭಾಳ ವರ್ಷ ಆತು. ಮೊನ್ನೆ ಮಮದಾಪುರದಿಂದ ಹೊಳ್ಳಿ ಬರುಮುಂದ, ಯಾಕೋ ತಡಕೊಳ್ಳಾಕ ಆಗದ, ಬಬಲೇಶ್ವರದಾಗ ಬಸ್ಸಿಳದೆ. ಗಿರಣಿ ಇದ್ದ ಜಾಗಾದಾಗ ಈಗ ಮೊಬೈಲ್ ಅಂಗಡಿ. ಗಲ್ಲೇದ ಮ್ಯಾಲ ಕುಂತಿದ್ದ ಹೆಣ್ಣಮಗಳು "ಏನ ಬೇಕಿತ್ರಿ ಅಜ್ಜಾರ?" ಅಂದ್ಲು.

"ಇಲ್ಲೊಬ್ಬ ಪೈಲಟ್ ಇದ್ದ ಯವ್ವಾ. ಅವಂದು ತಪ್ಪು ಇದ್ದಿದ್ದಿಲ್ಲ. ಎಂಜಿನ್ನ ಸೋರತಿತ್ತು, ನಾ ಕಣ್ಣಾರೆ ನೋಡೀನಿ" ಅಂದೆ.

ಆಕಿ ನನ್ನ ಮಾರಿ ನೋಡಿದ್ಲು. "ಯಾ ಪೈಲಟ್ರಿ?" ಅಂದು, ಕುರ್ಚಿ ಸರಿಸಿ, "ಬಿಸಲಾಗ ಬಂದೀರಿ, ಕುಂದರ್ರಿ, ನೀರ ಕೊಡ್ತೀನಿ" ಅಂದ್ಲು.