ಭಾವ ಆರಿಸಿಟ್ಟ ಮೀನು

ನಮ್ಮ ಭಾವನಿಗೆ ಒಂದು ಚಟವಿದೆ. ಬೀಡಿಯೋ ಇಸ್ಪೀಟೋ ಆಗಿದ್ದರೆ ಅಕ್ಕ ಎಂದೋ ಬಿಡಿಸುತ್ತಿದ್ದಳು. ಯಾರ ಕೈಗೆ ಮೀನು ಕೊಟ್ಟರೂ ಬುಟ್ಟಿಯಲ್ಲಿರುವ ಅತಿ ದೊಡ್ಡದನ್ನೇ ಆರಿಸಿ ಕೊಡುವ ಚಟ ಅದು. ನಲವತ್ತು ವರ್ಷ ಊರಾಚೆಯ ಕೆರೆಯಲ್ಲಿ ಬಲೆ ಹಾಕಿ ನನ್ನ ಅಂಗಡಿಗೆ ಮೀನು ತಂದವರು. ಬಲೆಗೆ ಸಣ್ಣದು ಬಿದ್ದರೆ "ಹೋಗು, ದೊಡ್ಡವನಾಗಿ ಬಾ" ಎಂದು ನೀರಿಗೆ ಬಿಡುತ್ತಿದ್ದರು. ಕೆಲವು ನಿಜವಾಗಿಯೂ ಬಂದವಂತೆ. ಗುರುತು ಹಿಡಿದದ್ದು ಹೇಗೆಂದು ನಾನು ಕೇಳಲಿಲ್ಲ, ಎಷ್ಟಾದರೂ ಅಕ್ಕನ ಗಂಡ.

ಮೂರು ವರ್ಷದ ಹಿಂದೆ ಗುಡ್ಡದಾಚೆಯ ಅಣು ಸ್ಥಾವರದಲ್ಲಿ ಅಪಘಾತವಾಯಿತು. ಗಾಳಿಯಲ್ಲಿ ಬಂದ ವಿಷ ಮಳೆಯ ಜೊತೆ ಕೆರೆಗಿಳಿಯಿತು. ಮೀನು ಹಿಡಿಯುವುದಕ್ಕೆ ನಿಷೇಧ ಬಂತು. ನಾನು ಐಸಿನಲ್ಲಿ ಬರುವ ದೂರದ ಮೀನು ತರಿಸಿಕೊಂಡೆ. ಭಾವನ ದೋಣಿ ಅಂಗಳದಲ್ಲಿ ಬೋರಲು ಬಿತ್ತು. ಅಕ್ಕ ಅದರ ಮೇಲೆ ಬಟ್ಟೆ ಒಣಹಾಕತೊಡಗಿದಳು.

ಆಮೇಲೆ ಸರ್ಕಾರ ಒಂದು ದಾರಿ ತೆರೆಯಿತು. ತಿಂಗಳಿಗೊಮ್ಮೆ ಕೆರೆಯ ಮೀನಿನ ಒಂದು ಕಿಲೋ ಮಾಂಸ ಲ್ಯಾಬಿಗೆ ಕೊಡಬೇಕು. ಸತತ ಮೂರು ತಿಂಗಳು ಅದರಲ್ಲಿರುವ ವಿಷದ ಅಳತೆ ನೂರರೊಳಗೆ ಬಂದರೆ ಕೆರೆ ತೆರೆಯುತ್ತದೆ. ಈ ವರ್ಷದ ಕೊನೆಯೊಳಗೆ ಬರದಿದ್ದರೆ ಶಾಶ್ವತವಾಗಿ ಮುಚ್ಚುತ್ತದೆ. ಭಾವ ದಡದಿಂದಲೇ ಬಲೆ ಬೀಸಿ ತಪ್ಪದೆ ಕೊಟ್ಟರು. ಪ್ರತಿ ತಿಂಗಳೂ ನೂರನ್ನು ದಾಟಿತು.

ವರ್ಷ ಮುಗಿಯಲು ನಾಲ್ಕು ತಿಂಗಳಿರುವಾಗ ನಾನೂ ಜೊತೆಗೆ ಹೋದೆ.

"ಈ ಸಲಾನೂ ನೂರಾ ಐವತ್ತು," ಎಂದರು ಲ್ಯಾಬಿನ ಮೇಡಂ. "ಎಂಥಾ ಮೀನು ತರ್ತೀರಿ ನೀವು?"

"ರಾಜನಂಥ ಮೀನು, ತಾಯಿ. ಎರಡು ಮೊಳ ಇತ್ತು."

ಮೇಡಂ ಪೆನ್ನು ಕೆಳಗಿಟ್ಟರು. "ಪ್ರತಿ ಸಲ ಅಂಥದ್ದೇನಾ?"

"ಸರ್ಕಾರಕ್ಕೆ ಕೊಡೋದಲ್ವಾ? ಪುಡಿ ಮೀನು ಕೊಟ್ಟರೆ ಮರ್ಯಾದೆ ಇರುತ್ತಾ?"

ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ವಿಷ ನೀರಿನಿಂದ ಪಾಚಿಗೆ, ಪಾಚಿಯಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ ಹೋಗುತ್ತದೆ. ಆ ಸಣ್ಣವನ್ನೆಲ್ಲ ನುಂಗಿ ಬಹುಕಾಲ ಬದುಕುವ ದೊಡ್ಡ ಮೀನಿನ ಮೈಯಲ್ಲಿ ಅದು ಹೆಚ್ಚು ಸೇರುತ್ತದೆ.

"ನೋಡಿದ್ರಾ ಭಾವ," ಎಂದೆ ಹೊರಗೆ ಬಂದ ಮೇಲೆ. "ವರ್ಷಾನುಗಟ್ಟಲೆ ನಿಮ್ಮ ಕೆರೆ ಮೇಲೆ ನೀವೇ ಚಾಡಿ ಹೇಳಿದ್ದೀರಿ."

ಭಾವ ರಸ್ತೆಗಿಳಿದು ನಡೆದರು. ನನ್ನ ವ್ಯಾಪಾರಿ ಬುದ್ಧಿ ಸುಮ್ಮನಿರಲಿಲ್ಲ. "ಮುಂದಿನ ತಿಂಗಳಿಂದ ಸಣ್ಣವನ್ನೇ ಕೊಡಿ. ಕೆರೆ ತೆರೀಲಿ. ಆಮೇಲೆ ದೊಡ್ಡದು ಹಿಡಿದ್ರೆ ಯಾರು ಕೇಳ್ತಾರೆ?"

ಅವರು ರಸ್ತೆಯಲ್ಲೇ ನಿಂತರು. "ತೋರಿಸೋದೊಂದು, ಮಾರೋದೊಂದು. ಅದು ನಿಮ್ಮ ಅಂಗಡಿಯವರ ಕಸುಬು ಕಣೋ. ನನಗೆ ಈ ವಯಸ್ಸಲ್ಲಿ ಕಲಿಸಬೇಡ."

ನಾನು ಚಪ್ಪಲಿ ನೋಡಿಕೊಂಡೆ. ಭಾವ ತಿರುಗಿ ಲ್ಯಾಬಿಗೆ ನಡೆದು, ಒಂದೂವರೆ ಗೇಣಿಗಿಂತ ಚಿಕ್ಕ ಮೀನು ಮಾತ್ರ ಹಿಡಿದು ಮಾರುತ್ತೇನೆ, ಅದನ್ನೇ ಅಳೆಯಿರಿ ಎಂದು ಬರೆದುಕೊಟ್ಟರು.

ಅರವತ್ತು. ಐವತ್ತೆಂಟು. ಅರವತ್ತೊಂದು. ವರ್ಷ ಮುಗಿಯಲು ಹನ್ನೆರಡು ದಿನವಿರುವಾಗ, ಅದೇ ಷರತ್ತಿನ ಮೇಲೆ ಕೆರೆ ತೆರೆಯಿತು. ಅಕ್ಕ ದೋಣಿಯ ಮೇಲಿನ ಬಟ್ಟೆ ತೆಗೆದು, "ಇನ್ನು ಹಗ್ಗ ಕಟ್ಟಿಸಿಕೊಡಿ, ಒಣಹಾಕೋಕೆ" ಎಂದಳು. ಖುಷಿಯಾದರೆ ಅವಳು ಹೀಗೇ.

ಮೊದಲ ದಿನ ನಾನೂ ದೋಣಿ ಹತ್ತಿದೆ. ಬಲೆಯಲ್ಲಿ ಸಣ್ಣವು ಮಿರಮಿರ ಮಿಂಚಿದವು. ನಡುವೆ ಒಂದು ದೊಡ್ಡದು, ತೋಳಷ್ಟು ಉದ್ದ. ದೋಣಿಯಂಚಿನಲ್ಲಿ ಕೊರೆದ ಒಂದೂವರೆ ಗೇಣಿನ ಗುರುತಿಗೆ ಹಿಡಿದು ಅಳೆಯುವ ಅಗತ್ಯವೇ ಇರಲಿಲ್ಲ. ಆದರೂ ಭಾವ ಅಳೆದರು, ಎರಡು ಸಲ. ಆಮೇಲೆ ಎರಡೂ ಕೈಯಲ್ಲಿ ನೀರಿಗಿಳಿಸಿ ಹಿಡಿದುಕೊಂಡೇ ಇದ್ದರು.

"ಹೋಗು," ಎಂದರು. ಸಣ್ಣವಕ್ಕೆ ಹೇಳುತ್ತಿದ್ದ ಮುಂದಿನ ಮಾತು ಇದಕ್ಕೆ ಹೊಂದುವಂತಿರಲಿಲ್ಲ.

ಅಂಗಡಿಗೆ ಬಂದು ಭಾವ ತುಂಬಿಕೊಟ್ಟ ಬುಟ್ಟಿಯ ಮುಚ್ಚಳ ತೆಗೆದೆ. ಎಲ್ಲಕ್ಕಿಂತ ಮೇಲೆ ಒಂದು ಮೀನು ಅಂದವಾಗಿ ಮಲಗಿತ್ತು. ಒಂದೂವರೆ ಗೇಣಿಗೆ ಕೂದಲೆಳೆಯಷ್ಟು ಕಮ್ಮಿ.