ಮೊದಲು ಪೈಪು, ಆಮೇಲೆ ಪೆಟ್ರೋಲು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಪೆಟ್ರೋಲ್ ಬಂಕಿನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಪೈಪಕ್ಕ ಮುದಿ ಕಾರೊಂದರ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿದ್ದಾರೆ. ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ರಬ್ಬರ್ ಪೈಪನ್ನು ಬೆರಳಲ್ಲಿ ಹಿಚುಕುತ್ತಾರೆ, ಮೂಸುತ್ತಾರೆ. ಕಾರಿನ ಯಜಮಾನ ಪಕ್ಕದಲ್ಲಿ ಚಡಪಡಿಸುತ್ತಿದ್ದಾನೆ.

"ನಾನು ದುಬಾರಿ ಪೆಟ್ರೋಲೇ ಹಾಕಿಸೋದು ಅಕ್ಕಾ."

"ಹಳೇ ಎಂಜಿನ್ನಪ್ಪ ಇದು, ಆ ವೈಭೋಗ ಬೇಕಿಲ್ಲ. ಆದ್ರೆ ಈಗಿನ ಪೆಟ್ರೋಲಲ್ಲಿ ಎಥನಾಲ್ ಬೆರೆಸಿರ್ತಾರೆ. ಅದು ಆ ಕಾಲದ ರಬ್ಬರನ್ನ ತಿಂದುಹಾಕುತ್ತೆ. ಬೆರಕೆ ಇಲ್ಲದ್ದು ಸಿಕ್ಕರೆ ಹಾಕ್ಸು. ಸಿಗದಿದ್ರೆ ಮೊದಲು ಪೈಪು, ಆಮೇಲೆ ಪೆಟ್ರೋಲು."

ಬಂದವರಿಗೆಲ್ಲ ಇದೇ ಮಾತು. ಹೆಸರು ಬಿದ್ದದ್ದೂ ಅದಕ್ಕೇ. ಕಾರಿನ ಜೊತೆ ಹುಟ್ಟಿದ ಪೈಪೇ ಇರಬೇಕೆಂದು ಎಷ್ಟೋ ಮಂದಿ ಮುನಿಸಿಕೊಂಡು ಹೋಗುತ್ತಾರೆ. 'ಪೈಪು ಮಾರೋಕೆ ಹೆದರಿಸ್ತಾಳೆ' ಎನ್ನುವವರೂ ಇದ್ದಾರೆ. ಪೈಪಕ್ಕ ತಲೆ ಕೆಡಿಸಿಕೊಳ್ಳುವುದಿಲ್ಲ.

ಈ ಹಟ ಮೊದಲಿಂದ ಇದ್ದದ್ದಲ್ಲ. ಗಂಡ ತೀರಿಕೊಂಡಾಗ ಕೈಗೆ ಸ್ಪ್ಯಾನರ್ ಕೊಟ್ಟು ಕೆಲಸ ಕಲಿಸಿದವರು ಹಿರಿಯಕ್ಕನ ಗಂಡ, ಭಾವ. ಶೆಡ್ಡೂ ಅವರದೇ. ಬಂಕಿಗೆ ಬೆರಕೆ ಪೆಟ್ರೋಲ್ ಬಂದ ವರ್ಷ, ಭಾವನ ಹಸಿರು ಕಾರಿನ ಪೈಪು ಅಂಟಂಟಾಗಿದ್ದು ಪೈಪಕ್ಕನ ಕೈಗೆ ತಾಕಿತು. ಒಮ್ಮೆ ಹೇಳಿದರು. "ನನಗೇ ಪಾಠ ಹೇಳ್ತೀಯಾ?" ಎಂದು ಭಾವ ನಕ್ಕರು. ಕೆಲಸ ಕಲಿಸಿದವರಿಗೆ ಎದುರು ಮಾತೇಕೆ ಎಂದು ಇವರು ಬಾಯಿ ಮುಚ್ಚಿಕೊಂಡರು.

ಒಂದು ಮಧ್ಯಾಹ್ನ ಏರುರಸ್ತೆಯಲ್ಲಿ ಆ ಪೈಪು ಬಿರಿಯಿತು. ಕಾದ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲಿ ಕಾರು ಹೊತ್ತಿಕೊಂಡಿತು. ಭಾವನ ಜೀವ ಉಳಿಯಿತು, ಬಲಗೈ ಬೆಂದುಹೋಯಿತು. ಆ ಬೆರಳುಗಳು ಈಗ ಮಡಚುವುದಿಲ್ಲ.

"ಅವರು ಊಟಕ್ಕೆ ಹೋದಾಗ ನಾನೇ ಬದಲಾಯಿಸಿಬಿಡಬಹುದಿತ್ತು. ಎಷ್ಟರ ಕೆಲಸ ಅದು? ಚಹಾ ಕುಡಿಯೋಷ್ಟು ಹೊತ್ತು" ಎನ್ನುತ್ತಾ ಪೈಪಕ್ಕ ಗಿರಾಕಿಯ ಹಳೇ ಪೈಪನ್ನು ಕತ್ತರಿಸಿ ಬುಟ್ಟಿಗೆ ಎಸೆಯುತ್ತಾರೆ. "ನಮ್ಮಕ್ಕನಿಗಾದ್ರೂ ಹೇಳ್ಬಹುದಿತ್ತು. ಅವಳ ಮಾತನ್ನ ಅವರು ತೆಗೆದುಹಾಕ್ತಿರಲಿಲ್ಲ."

ಭಾವ ಈಗಲೂ ದಿನಾ ಶೆಡ್ಡಿಗೆ ಬರುತ್ತಾರೆ. ಎಡಗೈಯಲ್ಲಿ ಪತ್ರಿಕೆ ಹಿಡಿದು ಕೂರುತ್ತಾರೆ. ಸುಟ್ಟ ಕಾರಿನ ಸುದ್ದಿ ಎತ್ತುವುದಿಲ್ಲ. ಗಿರಾಕಿ ಮೊಂಡು ಹಿಡಿದರೆ ಮಾತ್ರ ತಲೆಯೆತ್ತಿ, "ಅವಳು ಹೇಳಿದ ಹಾಗೆ ಕೇಳಪ್ಪ" ಎನ್ನುತ್ತಾರೆ.

ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಪೈಪಕ್ಕನ ಕೈ ಒಂದು ಗಳಿಗೆ ನಿಂತುಬಿಡುತ್ತದೆ. ಏನಾದರೂ ಆಸೆ ಉಳಿದಿದೆಯೇ ಎಂದರೆ, ಭಾವನಿಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ.

"'ಜಗಳ ಆಡಿಯಾದ್ರೂ ಯಾಕೆ ಹೇಳ್ಲಿಲ್ಲ ನೀನು' ಅಂತ ಒಂದ್ಸಲ ಬೈದುಬಿಡಲಿ, ಸಾಕು. ಬೈಯೋದೇ ಇಲ್ಲ ಕಣ್ರೀ ಅವರು."