ಗೋಡೆಗೆ ಹೊಟ್ಟೆ ಬಂದದ್ದು

ಮಹಡಿಯ ಕೋಣೆಯಲ್ಲಿ, ಬೀದಿ ಕಡೆಯ ಕಿಟಕಿಗೆ ಅಂಟಿಕೊಂಡಂತೆ ಟೈಲರಕ್ಕನ ಹೊಲಿಗೆ ಮಿಷನ್ನು ಇತ್ತು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಹಾಗೇ. ಹುಟ್ಟಿದಾಗ ಇಟ್ಟ ಹೆಸರು ಕೇಳಿದರೆ ಅವಳೇ ಒಂದು ಗಳಿಗೆ ಯೋಚಿಸಬೇಕಾಗಿತ್ತು. ಗಂಡ ಹೋದಮೇಲೆ ಅವಳಿಗೆ ಅನ್ನ ಹಾಕಿದ್ದು ಆ ಕಿಟಕಿಯ ಬೆಳಕು. ಈಗೀಗ ಕಣ್ಣು ಸೋತಿತ್ತು. ಬೇರೆ ಎಲ್ಲಿ ಕೂತರೂ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಆ ಜಾಗ ಬಿಟ್ಟು ಏಳು ಅಂದರೆ ಊಟದ ತಟ್ಟೆ ಬಿಟ್ಟು ಏಳು ಅಂದ ಹಾಗೆಯೇ.

ಗೋಡೆಗೂ ನೆಲಕ್ಕೂ ನಡುವೆ ಸಂದು ಬಿಟ್ಟದ್ದನ್ನು ಮೊದಲು ಕಂಡವಳು ಅವಳೇ. ಕೈಜಾರಿದ ಸೂಜಿಯೊಂದು ಅದರೊಳಗೆ ಮಾಯವಾಗಿತ್ತು. ಚಳಿಗಾಲದಲ್ಲಿ ಅಲ್ಲಿಂದ ಗಾಳಿ ನುಗ್ಗಿ ಕಾಲು ಮರಗಟ್ಟಿತು. ಬೇರೆಯವರಾಗಿದ್ದರೆ ಮೇಸ್ತ್ರಿಯನ್ನು ಕರೆಸುತ್ತಿದ್ದರು. ಇವಳು ಟೈಲರು, ಕೋಣೆ ತುಂಬ ಚಿಂದಿ. ಒಂದು ಹಿಡಿ ತುಂಡುಬಟ್ಟೆ ತೆಗೆದುಕೊಂಡು ಕತ್ತರಿಯ ತುದಿಯಿಂದ ಒತ್ತಿ ಒತ್ತಿ ತುರುಕಿದಳು. ಗಾಳಿ ನಿಂತಿತು. ಮುಂದಿನ ವರ್ಷ ಸಂದು ಮತ್ತೆ ಬಾಯಿ ಬಿಟ್ಟಿತು, ಮತ್ತೆ ತುರುಕಿದಳು. ಗಂಡನ ಕಾಯಿಲೆ, ಅತ್ತೆ ಹಾಸಿಗೆ ಹಿಡಿದ ಕಾಲ, ಎಲ್ಲವನ್ನೂ ಹೀಗೇ ತೇಪೆ ಹಾಕಿಕೊಂಡು ದಾಟಿದ ಜೀವ ಅದು. ಇದೊಂದು ಸಂದು ಯಾವ ಲೆಕ್ಕ?

ಹೊರಗೆ ನಿಂತು ಒಮ್ಮೆ ತಲೆಯೆತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ತನ್ನ ಮನೆಯನ್ನೇ ಬೀದಿಯಲ್ಲಿ ನಿಂತು ನೋಡುವ ಪುರುಸೊತ್ತು ಯಾರಿಗಿದೆ? ಅಲ್ಲದೆ ಆ ಕಡೆ ನಿಂತರೆ ಕೆಳಗಿನ ಮನೆಯವಳ ಮುಖ ನೋಡಬೇಕಾಗುತ್ತಿತ್ತು.

ಕೆಳಗಿನವಳು ಅವಳ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಆಸ್ಪತ್ರೆಯಲ್ಲಿ ಆಯಾ ಕೆಲಸ, ಬೆಳಗಿನ ಪಾಳಿ. ಅಣ್ಣತಮ್ಮಂದಿರು ಬದುಕಿದ್ದಾಗಲೇ ಇವರಿಬ್ಬರೂ ಎಣ್ಣೆ ಸೀಗೆಕಾಯಿ. ಅವರು ಹೋದಮೇಲೆ ಮಾತೂ ನಿಂತಿತು. ಕಾರಣ ಕೇಳಿದರೆ ನಗು ಬರುತ್ತದೆ. ತಾರಸಿಯಿಂದ ಮಳೆನೀರು ಇಳಿಯುವ ಪೈಪು ಎರಡು ಮನೆಗಳ ಸರಿ ನಡುವೆ ಒಡೆದಿತ್ತು.

"ಪೈಪು ನಿಮ್ಮ ಮೇಲಿಂದ ಬಂದಿದ್ದು, ನೀವೇ ಮಾಡಿಸಿ" ಅಂದಳು ಕೆಳಗಿನವಳು.

"ಒಡೆದಿರೋದು ನಿನ್ನ ಕಿಟಕಿ ಮೇಲೆ, ನೀನೇ ಮಾಡಿಸ್ಕೋ" ಅಂದಳು ಟೈಲರಕ್ಕ.

ಮಾತಿಗೆ ಮಾತು ಬೆಳೆಯಿತು. "ನೀನು ಕಾಲಿಟ್ಟ ಮೇಲೇ ಈ ಮನೆ ಹಾಳಾಗಿದ್ದು" ಎಂಬುದೂ ಟೈಲರಕ್ಕನ ಬಾಯಿಂದ ಬಂದುಬಿಟ್ಟಿತು. ಹಾಗೆ ಅನ್ನಬಾರದಿತ್ತು. ಅಂದಮೇಲೆ ನುಂಗುವುದು ಹೇಗೆ? ಇಬ್ಬರೂ ಮುಖ ತಿರುಗಿಸಿಕೊಂಡರು, ಪೈಪನ್ನು ಯಾರೂ ಮಾಡಿಸಲಿಲ್ಲ, ಮಳೆ ಬಂದಾಗಲೆಲ್ಲ ನೀರು ಗೋಡೆಯೊಳಕ್ಕೇ ಇಳಿಯಿತು.

ಕೊನೆಗೆ ಬಟ್ಟೆ ಕೊಡಲು ಬಂದ ಹೆಂಗಸೊಬ್ಬಳು ಹೇಳಿದಳು: "ಟೈಲರಕ್ಕಾ, ನಿಮ್ಮ ಗೋಡೆಗೆ ಹೊಟ್ಟೆ ಬಂದಿದೆಯಲ್ರೀ! ಒಂಬತ್ತು ತಿಂಗಳ ಬಸುರಿ ಥರ ಕಾಣುತ್ತೆ."

ಟೈಲರಕ್ಕ ನಗುತ್ತಲೇ ಕೆಳಗಿಳಿದು ಹೋಗಿ ನೋಡಿದಳು. ನಗು ಅಲ್ಲೇ ನಿಂತಿತು.

ಮೇಸ್ತ್ರಿ ಬಂದವನು ಗುಂಡು ಕಟ್ಟಿದ ದಾರವನ್ನು ತಾರಸಿಯಿಂದ ಇಳಿಬಿಟ್ಟು ನೋಡಿದ. ತಲೆ ಕೆರೆದುಕೊಂಡ. ಒಳಗೆ ಬಂದು ಮಂಡಿಯೂರಿ ಸಂದಿನಿಂದ ಒಂದು ಚಿಂದಿಯ ತುದಿ ಹಿಡಿದು ಎಳೆದ. ಅದರ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು. ಸ್ಕೂಲ್ ಯೂನಿಫಾರ್ಮಿನ ನೀಲಿ, ಯಾರದೋ ಮದುವೆಯ ಕೆಂಪು, ಗಂಡನ ಅಂಗಿಯ ಚೌಕಳಿ. ಎಲ್ಲ ನೀರು ಕುಡಿದು ಕಪ್ಪಾಗಿ ನಾರುತ್ತಿದ್ದವು.

"ಏನಮ್ಮಾ ಇದು? ಗೋಡೆ ಬೀಳ್ತೀನಿ ಬೀಳ್ತೀನಿ ಅಂತ ಬಾಯಿ ಬಿಟ್ರೆ, ನೀವು ಬಾಯಿಗೇ ಬಟ್ಟೆ ತುರುಕಿದೀರಲ್ಲ!"

ಅವಳಿಗೆ ನೆಲ ಬಿರಿಯಬಾರದೇ ಅನ್ನಿಸುವಷ್ಟು ನಾಚಿಕೆಯಾಯಿತು. ನೆಲವೇನೋ ಬಿರಿದೇ ಇತ್ತು.

"ಈ ಗೋಡೆ ಇಳಿಸಿ ಕಟ್ಟಬೇಕು" ಅಂದ ಮೇಸ್ತ್ರಿ. "ಮಿಷನ್ ಇವತ್ತೇ ಎತ್ತಿಸಿ, ಈ ಕೋಣೇಲಿ ಯಾರೂ ಕೂರೋ ಹಾಗಿಲ್ಲ. ಕೆಳಗಡೆ ಮನೆ ಒಳಗಿಂದ ಆಸರೆಗೆ ಕಂಬ ಕೊಡಬೇಕು. ಅವರಿಗೂ ಒಂದು ಮಾತು ಹೇಳಿಬಿಡಿ."

ಒಂದು ಮಾತು ಅಂತೆ. ಅವನು ಹೋದಮೇಲೆ ಟೈಲರಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. ಮಿಷನ್ನು ಇಡಲು ಇನ್ನು ಉಳಿದದ್ದು ಹಿಂದಿನ ಅಡುಗೆಮನೆ, ಅಲ್ಲಿ ಹಗಲಲ್ಲೂ ಕತ್ತಲೆ. ಮುಗಿಸಬೇಕಾದ ಯೂನಿಫಾರ್ಮುಗಳು ರಾಶಿ ಬಿದ್ದಿದ್ದವು. ಹೊಲಿಗೆ ನಿಂತರೆ ಒಲೆಯೂ ನಿಂತ ಹಾಗೆ. ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮೈಯಲ್ಲಿ ಯಾವುದಕ್ಕೂ ತ್ರಾಣ ಉಳಿದಿರಲಿಲ್ಲ. ಹಟ ಹಿಡಿಯುವುದಕ್ಕೂ ಶಕ್ತಿ ಬೇಕು ಎಂದು ಅವತ್ತು ಗೊತ್ತಾಯಿತು. ಮಧ್ಯಾಹ್ನ ಕೆಳಗೆ ಬೀಗ ತೆಗೆದ ಸದ್ದು ಕೇಳಿದ ಮೇಲೆ ಗೋಡೆ ಹಿಡಿದುಕೊಂಡು ಇಳಿದು ಬಾಗಿಲು ಬಡಿದಳು.

ಓರಗಿತ್ತಿ ಇನ್ನೂ ಆಸ್ಪತ್ರೆಯ ಸೀರೆಯಲ್ಲೇ ಇದ್ದಳು. ಬನ್ನಿ ಎನ್ನಲಿಲ್ಲ, ಬಾಗಿಲಿಗೆ ಅಡ್ಡವೂ ನಿಲ್ಲಲಿಲ್ಲ.

"ಗೋಡೆ..." ಅಂದಳು ಟೈಲರಕ್ಕ.

"ಗೊತ್ತು."

ಒಳಗೆ ನೋಡಿದರೆ ಮಂಚ, ಕಪಾಟು ಎಲ್ಲ ಆಚೆ ಗೋಡೆಗೆ ಸರಿದಿದ್ದವು. ಬೀದಿ ಕಡೆಯ ಗೋಡೆಯ ಪಕ್ಕ ಬರೀ ನೆಲ. ಕಿಟಕಿ ಅರ್ಧ ತೆರೆದಂತೆಯೇ ಕಚ್ಚಿಕೊಂಡಿತ್ತು; ಸಂದಿಗೆ ರಟ್ಟು ಸಿಕ್ಕಿಸಿದ್ದಳು.

"ಯಾವಾಗಿಂದ ಗೊತ್ತು ನಿನಗೆ?"

"ಹೋದ ಮಳೆಗಾಲದಲ್ಲಿ ಕಿಟಕಿ ಕಚ್ಕೊಂಡಾಗಿಂದ."

"ನೀನು ಮಾತ್ರ ಸರ್ಕೊಂಡೆ. ನಾನು ದಿನಾ ಆ ಗೋಡೆಗೇ ಒರಗಿ ಕೂರ್ತಿದ್ದೆ ಕಣೇ. ಒಂದು ಮಾತು ಹೇಳಬಾರದಿತ್ತಾ?"

"ಎಷ್ಟೋ ಸಲ ಮೆಟ್ಟಿಲವರೆಗೂ ಬಂದೆ ಅಕ್ಕಾ." ಓರಗಿತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಬಂದ ಮೇಲೆ ಮನೆ ಹಾಳಾಯ್ತು ಅಂದಿದ್ರಿ. ಮನೆ ಬೀಳ್ತಿದೆ ಅಂತ ಮತ್ತೆ ನನ್ನ ಬಾಯಲ್ಲೇ ಹೇಗೆ ಹೇಳಲಿ? ಡ್ಯೂಟಿಯಿಂದ ಬಂದ ತಕ್ಷಣ ಬಾಗಿಲಲ್ಲೇ ನಿಂತು, ಮೇಲೆ ಮಿಷನ್ ಓಡ್ತಿದೆಯಾ ಅಂತ ಕೇಳಿಸ್ಕೊಂಡೇ ಒಳಗೆ ಬರ್ತಿದ್ದೆ."

ಟೈಲರಕ್ಕ ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತು ತನ್ನ ಕೈಗಳನ್ನೇ ನೋಡಿಕೊಂಡಳು.

ಓರಗಿತ್ತಿ ಮೆಟ್ಟಿಲ ಕಡೆಯ ಮುಂಬಾಗಿಲ ಪಕ್ಕದ ಕುರ್ಚಿಯನ್ನೂ ಚಪ್ಪಲಿಗಳನ್ನೂ ಸರಿಸಿ, ಕಾಲಿನಿಂದಲೇ ಜಾಗ ಅಳೆದಳು.

"ಮಿಷನ್ ಇಲ್ಲಿ ಇಟ್ಕೊಳ್ಳಿ. ಬೆಳಗ್ಗೆ ಹೊತ್ತು ಬೆಳಕು ಚೆನ್ನಾಗಿರುತ್ತೆ."

"ಮಧ್ಯಾಹ್ನದ ಮೇಲೆ?"

"ಮಧ್ಯಾಹ್ನದ ಮೇಲೆ ನಾನು ಮನೇಲಿರ್ತೀನಲ್ಲ. ಸೂಜಿಗೆ ದಾರ ಪೋಣಿಸಿಕೊಡ್ತೀನಿ."